ತೋರ್ವಜ್ಜನ ಮನೆಯ ಸರದಿ

ಆ ಊರಿನಲ್ಲಿ ಕಡಲು ದಿನಕ್ಕೊಂದು ಮನೆಗೆ ಬರುತ್ತದೆ. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆದಿಡುವ ಹೊತ್ತಿಗೆ ಮರಳು ದಾಟಿ, ರಸ್ತೆ ದಾಟಿ, ಆ ದಿನ ಯಾರ ಸರದಿಯೋ ಅವರ ಮುಂಬಾಗಿಲಿನಿಂದ ಒಳಗೆ ಬರುತ್ತದೆ. ಹಜಾರದಲ್ಲಿ ಸ್ವಲ್ಪ ಹೊತ್ತು ಸುಳಿದಾಡಿ, ಹಿಂಬಾಗಿಲಿನಿಂದ ಹಿನ್ನೀರಿಗೆ ಇಳಿದು ಹೋಗುತ್ತದೆ. ಪಕ್ಕದ ಮನೆಯ ಹೊಸಿಲು ಒದ್ದೆಯಾಗುವುದಿಲ್ಲ. ನಾಳೆ ಆ ಮನೆ, ನಾಡಿದ್ದು ಅದರಾಚೆಯದು. ಮೊದಲ ಸಲ ಇದನ್ನು ಕಂಡಾಗ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನನ್ನ ಮನೆಯೊಡತಿ ಎಸ್ಮಾ ನೆರೆಮನೆಯವರ ಚಾಪೆ ಸುತ್ತಿಕೊಡುತ್ತಿದ್ದವಳು ತಿರುಗಿ ನೋಡಿ, "ಬಾಯಿ ಮುಚ್ಚು ಮಾರಾಯ್ತಿ, ಉಪ್ಪುಗಾಳಿ ಹೊಕ್ಕೀತು" ಎಂದು ಮತ್ತೆ ಚಾಪೆಗೆ ಕೈ ಹಾಕಿದಳು.

ನಾನು ಮಾಲಿನಿ. ಕುಂದಾಪುರದ ಕಡೆಯ ಮೀನುಗಾರ ಮೊಗವೀರರ ಹುಡುಗಿ. ಕಡಲ ವಿಜ್ಞಾನ ಓದಲೆಂದು ವಿದ್ಯಾರ್ಥಿವೇತನ ಹಿಡಿದು ಆ ದೇಶಕ್ಕೆ ಹೋದವಳು. ಕಡಲ ಪಕ್ಕದಲ್ಲೇ ಹುಟ್ಟಿದವಳು ಕಡಲು ಓದಲು ವಿಮಾನ ಹತ್ತಬೇಕೇ ಎಂದು ನಮ್ಮ ಕೇರಿಯವರೆಲ್ಲ ನಕ್ಕಿದ್ದರು. ಅವರು ನಕ್ಕಷ್ಟೂ ನನ್ನ ಹಟ ಬಲಿಯಿತು. ನಗರದ ವಿಶ್ವವಿದ್ಯಾಲಯದಲ್ಲಿ ಪಾಠ ಮುಗಿಸಿದ ಮೇಲೆ ಕ್ಷೇತ್ರಕಾರ್ಯಕ್ಕೆ ಈ ಊರಿಗೆ ಕಳಿಸಿದರು. ಊರಿಗೆ ಹೆಸರಿಲ್ಲ. ಬಸ್ಸಿನವನಿಗೆ "ಕಡಲು ಒಳಗೆ ಬರುವಲ್ಲಿಗೆ" ಎಂದರೆ ಚೀಟಿ ಹರಿದು ಕೊಡುತ್ತಾನೆ. ಅಲ್ಲಿಯವರ ಭಾಷೆಯಲ್ಲಿ ಅಕ್ಕ, ಅಜ್ಜ ಎಂಬ ಮಾತುಗಳೂ ಇಲ್ಲ. ಹಿರಿಯರನ್ನು ಬರೀ ಹೆಸರು ಹಿಡಿದು ಕೂಗಲು ನನ್ನ ನಾಲಿಗೆ ಹೊರಳದೆ, ಎಸ್ಮಾಳನ್ನು ಎಸ್ಮಕ್ಕ ಮಾಡಿದೆ. ಅವಳ ಪಕ್ಕದ ಮನೆಯ ಮುದುಕ ತೋರ್ವನನ್ನು ತೋರ್ವಜ್ಜ ಮಾಡಿದೆ. ಅವರಿಗೆ ಅದು ನನ್ನ ದೇಶದ ಏನೋ ಮರ್ಯಾದೆ ಎಂದಷ್ಟು ಗೊತ್ತಾಗಿತ್ತು. ಅವರ ಮಾತನ್ನೂ ಇಲ್ಲಿ ನಮ್ಮ ಮಾತಿನಲ್ಲೇ ಹೇಳುತ್ತೇನೆ, ಈಗ ಹೇಗೂ ನನಗೆ ಅದು ಹಾಗೆಯೇ ಕೇಳುತ್ತದೆ.

ಊರೆಂದರೆ ಒಂದು ಉದ್ದನೆಯ ಮರಳಪಟ್ಟಿ. ಮುಂದೆ ಕಡಲು, ಹಿಂದೆ ಹಿನ್ನೀರು, ನಡುವೆ ಭುಜಕ್ಕೆ ಭುಜ ತಾಗಿಸಿ ನಿಂತ ಮನೆಗಳ ಒಂದೇ ಸಾಲು. ನಮ್ಮಲ್ಲಿರುವಂತೆ ಹೊಳೆ ಕಡಲು ಸೇರುವ ಅಳಿವೆ ಅಲ್ಲಿಲ್ಲ. ಹಿನ್ನೀರಿಗೆ ಕಡಲು ಮುಟ್ಟುವ ದಾರಿ ಮನೆಗಳೊಳಗಿನಿಂದಲೇ. ನೀರಿನ ಜೊತೆ ಗಾಜುಮರಿಗಳೂ ಬರುತ್ತವೆ. ಬೆರಳುದ್ದದ ಮೀನಮರಿಗಳು, ಮೈಯೆಲ್ಲ ಪಾರದರ್ಶಕ, ಕಣ್ಣಿನ ಎರಡು ಕಪ್ಪು ಚುಕ್ಕೆ ಮಾತ್ರ ಕಾಣುತ್ತವೆ. ಅವು ಹಿನ್ನೀರಿನ ತಳದ ಕಡಲಹುಲ್ಲಿನಲ್ಲಿ ಅಡಗಿ ದೊಡ್ಡವಾಗುತ್ತವೆ. ನನ್ನ ಕೆಲಸ ಆ ಹುಲ್ಲು ಮತ್ತು ಆ ಮರಿಗಳು. ಸೊಂಟದವರೆಗಿನ ಬೂಟು ಹಾಕಿ, ಕಬ್ಬಿಣದ ಚೌಕವನ್ನು ತಳಕ್ಕೆ ಒತ್ತಿ, ಅದರೊಳಗಿನ ಹುಲ್ಲಿನ ಎಸಳು ಎಣಿಸುವುದು, ಉಪ್ಪಿನಂಶ ಅಳೆಯುವುದು, ಸಣ್ಣಕಣ್ಣಿನ ಬಲೆ ಎಳೆದು ಸಿಕ್ಕ ಮರಿಗಳನ್ನು ಬಕೆಟಿನಲ್ಲಿ ನೋಡಿ ಮತ್ತೆ ಬಿಡುವುದು. ಚಳಿಗೆ ಬೆರಳುಗಳು ನನ್ನವೇ ಅಲ್ಲ ಎನಿಸಿಬಿಡುತ್ತಿದ್ದವು. ಮನೆಯೊಳಗೆ ಬಲೆ ಹಾಕಲು ಮಾತ್ರ ಯಾರೂ ಬಿಡುತ್ತಿರಲಿಲ್ಲ. ನೀರು ಮನೆಯಲ್ಲಿರುವಷ್ಟು ಹೊತ್ತು ಅದು ಅತಿಥಿ, ಅತಿಥಿಯ ಜೇಬಿಗೆ ಕೈ ಹಾಕುತ್ತಾರೆಯೇ ಎಂದು ಕೇಳುತ್ತಿದ್ದರು. ಮನೆಯವರೆಲ್ಲ ಗೋಡೆಬದಿಯ ಎತ್ತರದ ಕಟ್ಟೆಯ ಮೇಲೆ ಕಾಲು ಮಡಚಿ ಕೂತು, ನೀರಿಗೆ ಬೆನ್ನು ಹಾಕದೆ, ಅದು ಹೋಗುವವರೆಗೆ ಮಾತನಾಡಿಸುತ್ತಾ ಕಾಯುತ್ತಿದ್ದರು. ಒಲೆ ನೀರಿನಲ್ಲಿರುವ ಕಾರಣ ಆ ಸಂಜೆಯ ಸಾರು ನೆರೆಮನೆಯಿಂದ ಬರುತ್ತಿತ್ತು.

ಇದೆಲ್ಲ ಬಾಗಿಲು ತೆರೆದಿಡುವ ಮನೆಗಳ ಸಂಗತಿ. ಮುಚ್ಚಿದ ಬಾಗಿಲನ್ನು ಕಡಲು ತಳ್ಳುವುದಿಲ್ಲ. ಹೊಸಿಲ ಬಳಿ ಸ್ವಲ್ಪ ಹೊತ್ತು ನಿಂತು, ತಿರುಗಿ ಹೋಗುತ್ತದೆ. ಆ ದಿನ ಹಿನ್ನೀರಿಗೆ ನೀರಿಲ್ಲ. ನಾನು ಅಲ್ಲಿಗೆ ಹೋದ ವರ್ಷ ಮುಚ್ಚಿದ ಬಾಗಿಲುಗಳೇ ಹೆಚ್ಚಾಗಿದ್ದವು. ಒಬ್ಬರು ಮರದ ನೆಲ ಹಾಕಿಸಿದ್ದರು, ಇನ್ನೊಬ್ಬರಿಗೆ ಹೊಸ ಸೋಫಾ ಬಂದಿತ್ತು, ಮತ್ತೊಬ್ಬರಿಗೆ ಮಂಡಿನೋವು. ನನ್ನ ಎಸ್ಮಕ್ಕ ಎಲ್ಲರ ಮನೆ ಚಾಪೆ ಸುತ್ತಿಕೊಡುವ ಪುಣ್ಯಾತ್ಗಿತ್ತಿ, ತನ್ನ ಹೊಸಿಲಿಗೆ ಮಾತ್ರ ಮೊಣಕಾಲೆತ್ತರ ಸಿಮೆಂಟು ಸುರಿದಿದ್ದಳು. ಕೇಳಿದರೆ, "ನಂದೊಂದು ಮನೆ ಬಿಟ್ರೆ ಹಿನ್ನೀರು ಬತ್ತಿಹೋಗ್ತದಾ?" ಎನ್ನುತ್ತಿದ್ದಳು. ಎಲ್ಲರೂ ಹಾಗೆಯೇ ಅನ್ನುತ್ತಿದ್ದರು. ಇತ್ತ ನನ್ನ ಚೌಕದೊಳಗಿನ ಹುಲ್ಲು ವಾರದಿಂದ ವಾರಕ್ಕೆ ಕಪ್ಪಾಗಿ, ಕೈಯಲ್ಲಿ ಹಿಡಿದರೆ ಕರಗಿದಂತೆ ಬರುತ್ತಿತ್ತು. ನಾತವೂ ಶುರುವಾಗಿತ್ತು.

ಆ ನಾತ ನನಗೆ ಗೊತ್ತು. ನಮ್ಮೂರಿನಲ್ಲಿ ಮಳೆಗಾಲಕ್ಕೆ ಮೊದಲು ಅಳಿವೆಯ ಬಾಯಿಗೆ ಮರಳು ಕಟ್ಟಿಕೊಳ್ಳುತ್ತದೆ. ಗಂಡಸರು ಹೆಂಗಸರೆಲ್ಲ ಹಾರೆ ಗುದ್ದಲಿ ಹಿಡಿದು ಹೋಗಿ ಅದನ್ನು ಕಡಿಯುತ್ತಾರೆ, ಹೊಳೆ ಕಡಲು ಸೇರುತ್ತದೆ. ನಾನು ಚಿಕ್ಕವಳಿದ್ದಾಗ ಒಂದು ವರ್ಷ ಅವರು ಹೋಗುತ್ತಾರೆಂದು ಇವರು, ಇವರು ಹೋಗುತ್ತಾರೆಂದು ಅವರು ಸುಮ್ಮನಿದ್ದುಬಿಟ್ಟರು. ಹೊಳೆಯ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ಅಪ್ಪ ದಂಡೆಯ ಮೇಲೆ ಕೂತು ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಸುಮ್ಮನೆ ನೋಡುತ್ತಿದ್ದರು. ನಾನು ಕಡಲು ಓದಲು ಹೊರಟದ್ದು ಆ ದಂಡೆಯಿಂದ.

ನನ್ನ ಮಾರ್ಗದರ್ಶಕಿ ಹೆಲ್ಕಾ ಮೇಡಂ ನಗರದಿಂದ ಆಗಾಗ ಫೋನ್ ಮಾಡುತ್ತಿದ್ದರು. ಒಳ್ಳೆಯವರು, ಕಟ್ಟುನಿಟ್ಟಿನವರು. ಮೊದಲ ದಿನವೇ ಹೇಳಿದ್ದರು: "ನೋಡು, ಅಳೆ, ಬರಿ. ಕೈ ಹಾಕಬೇಡ. ಊರು ತಾನಾಗಿ ಹೇಗಿದೆ ಅಂತ ತಿಳಿಯೋಕೆ ಕಳಿಸ್ತಾ ಇದೀವಿ." ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದು ಸುಲಭ.

ಗಾಜುಮರಿಗಳು ವರ್ಷವಿಡೀ ಅಲ್ಲೊಂದು ಇಲ್ಲೊಂದು ಬರುತ್ತಿದ್ದರೂ, ರಾಶಿಯಾಗಿ ಬರುವುದು ವರ್ಷದ ದೊಡ್ಡ ಉಬ್ಬರದ ದಿನ, ಒಂದೇ ದಿನ. ಆ ದಿನ ತಪ್ಪಿದರೆ ಆ ವರ್ಷದ ಸಂತಾನ ತಪ್ಪಿದಂತೆ. ಸರದಿ ನೋಡಿದೆ. ದೊಡ್ಡ ಉಬ್ಬರ ತೋರ್ವಜ್ಜನ ಮನೆಗೆ ಬಿದ್ದಿತ್ತು. ಅದರ ಮರುದಿನ ಎಸ್ಮಕ್ಕನದು. ಸರದಿ ಅದಲುಬದಲು ಮಾಡಲು ಬರುವುದಿಲ್ಲ. ಹಿಂದೆ ಯಾರೋ ಮಾಡಹೋಗಿ, ಕಡಲು ಮುನಿಸಿಕೊಂಡು ಎರಡೂ ಮನೆ ಬಿಟ್ಟು ಹೋಗಿತ್ತಂತೆ. ತೋರ್ವಜ್ಜ ಬಾಗಿಲು ತೆರೆಯದೆ ಎಷ್ಟೋ ವರ್ಷವಾಗಿದೆ ಎಂದೂ ಎಸ್ಮಕ್ಕ ಹೇಳಿದಳು. "ಮಂಡಿನೋವು ಅಂತಾನೆ. ಊರಿಗೆಲ್ಲ ಬಾಗಿಲು ಮಾಡಿಕೊಟ್ಟವನು ಅವನೇ, ತನ್ನ ಬಾಗಿಲು ತೆಗೆಯೋಕೆ ಮಾತ್ರ ಮಂಡಿ ಬಗ್ಗಲ್ಲ."

ನಾನು ಹೋಗಿ ಬಾಗಿಲು ತಟ್ಟಿದೆ. ಮುದುಕ ಕಿಂಡಿಯಿಂದ ಮೂಗಷ್ಟೇ ತೋರಿಸಿ, "ಮಂಡಿ ನೋವು" ಎಂದ. ಮರುದಿನ ನೋವಿನೆಣ್ಣೆ ಒಯ್ದೆ. ಎಣ್ಣೆ ತೆಗೆದುಕೊಂಡು ಕಿಂಡಿ ಮುಚ್ಚಿದ. ಅದರ ಮರುದಿನ ಮೀನುಸಾರು ಒಯ್ದೆ, ನಮ್ಮ ಕಡೆಯದು, ಕೊಬ್ಬರಿ ಹುಳಿ ಎಲ್ಲ ಹಾಕಿದ್ದು. ಪಾತ್ರೆ ಕಿಂಡಿಯಲ್ಲಿ ತೂರಲಿಲ್ಲ. ಅವನು ಪಾತ್ರೆ ನೋಡಿದ, ನನ್ನ ನೋಡಿದ, ಮತ್ತೆ ಪಾತ್ರೆ ನೋಡಿದ. ಹೊಟ್ಟೆ ಗೆದ್ದಿತು. ಬಾಗಿಲು ತೆರೆಯಿತು.

ಹಜಾರದ ತುಂಬ ಒಂದು ದೋಣಿ ಕೂತಿತ್ತು. ಅದರಲ್ಲೇನೂ ಆಶ್ಚರ್ಯವಿಲ್ಲ. ಆ ಊರಿನಲ್ಲಿ ದೋಣಿ ಕಟ್ಟುವುದೇ ಹಜಾರದಲ್ಲಿ. ಸರದಿಯ ದಿನ ಕಡಲು ಬಂದು ಎತ್ತಿಕೊಂಡು ಹಿನ್ನೀರಿಗೆ ಇಳಿಸುತ್ತದೆ. ಆದರೆ ಈ ದೋಣಿ ಹಜಾರದಷ್ಟೇ ಉದ್ದವಿತ್ತು. ಅದರ ಮೂತಿ ಹಿಂಬಾಗಿಲಿಗೆ ಒತ್ತಿಕೊಂಡಿತ್ತು, ಆ ಬಾಗಿಲು ಒಳಕ್ಕೆ ತೆರೆಯುವಂಥದ್ದು, ತೆರೆಯಲು ಜಾಗವೇ ಇಲ್ಲ. ದೋಣಿಯ ಹೊಟ್ಟೆಯಂತೂ ಬಾಗಿಲಿಗಿಂತ ಅಗಲ. ನಾನು ದೋಣಿ ನೋಡಿ, ಬಾಗಿಲು ನೋಡಿ, ಅವನ ಮುಖ ನೋಡಿದೆ. ಅಜ್ಜನ ಕಿವಿ ಕೆಂಪಾಗಿತ್ತು.

"ಒಳಗಿನ ಪಕ್ಕೆಲುಬು ಮರಗಳನ್ನ ಬಾಗಿಲ ಅಗಲಕ್ಕೆ ಸರಿಯಾಗೇ ಕೊಯ್ದೆ" ಎಂದ. "ಅದರ ಮೇಲೆ ಹಲಗೆ ಬರ್ತದಲ್ಲ, ಎರಡೂ ಕಡೆ, ಅದರ ದಪ್ಪ ಲೆಕ್ಕಕ್ಕೆ ಹಿಡೀಲಿಲ್ಲ. ಕಟ್ಟಿ ಮುಗಿಸಿ, ಬಣ್ಣ ಬಳಿದು, ಆಮೇಲೆ ಗೊತ್ತಾಯ್ತು."

"ಬಿಚ್ಚಿ ಮತ್ತೆ ಕಟ್ಟಬಹುದಿತ್ತಲ್ಲ ಅಜ್ಜ?"

"ಬಿಚ್ಚಿದ್ರೆ ಸದ್ದಾಗ್ತದೆ. ಸದ್ದಾದ್ರೆ ಜನ ಬರ್ತಾರೆ. ಊರಿನ ಪ್ರತಿ ಬಾಗಿಲೂ ಅಳೆದವನಿಗೆ ತನ್ನ ಬಾಗಿಲ ಅಳತೆ ಗೊತ್ತಿಲ್ಲ ಅಂತ ಸಾಯೋವರೆಗೂ ಆಡ್ಕೊಳ್ತಾರೆ." ಸಾರಿನ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಒಂದು ತುತ್ತು ತಿಂದು, "ಖಾರ" ಎಂದ. ಇನ್ನೊಂದು ತುತ್ತು ತಿಂದ. "ಇದರಲ್ಲಿ ಕೂತು ಆಚೆ ದಡಕ್ಕೆ ಹೋಗಬೇಕು ಅಂತ ಕಟ್ಟಿದ್ದು. ಹಿನ್ನೀರಿನ ಪಕ್ಕ ಹುಟ್ಟಿ ಆಚೆ ದಡಕ್ಕೆ ಕಾಲಿಟ್ಟಿಲ್ಲ ನಾನು."

ನನಗೆ ನಗು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಅವನ ಕೈ ಹಿಡಿದು ಎಸ್ಮಕ್ಕನ ಮನೆಯೊಳಗಿಂದ ಹಾಯಿಸಿ ಹಿನ್ನೀರಿಗೆ ಕರೆದೊಯ್ದೆ. ಮಂಡಿನೋವಿನವನು ಚೆನ್ನಾಗಿಯೇ ನಡೆದ. ತಳದಿಂದ ಒಂದು ಹಿಡಿ ಹುಲ್ಲು ಕಿತ್ತು ಅವನ ಅಂಗೈಗೆ ಹಾಕಿದೆ. ಕಪ್ಪು ಲೋಳೆ ಬೆರಳ ಸಂದಿಯಿಂದ ಇಳಿಯಿತು. ಅವನು ಬಹಳ ಹೊತ್ತು ಅಂಗೈ ನೋಡುತ್ತಾ ನಿಂತ.

"ನಾನು ಚಿಕ್ಕವನಿದ್ದಾಗ ಇದು ಕಾಲಿಗೆ ಸುತ್ತಿಕೊಳ್ತಿತ್ತು" ಎಂದ. ಕೈ ತೊಳೆಯಲಿಲ್ಲ. "ಹಿಂಬಾಗಿಲ ಚೌಕಟ್ಟು ಕಿತ್ತರೆ ದೋಣಿ ಹಿಡೀತದೆ. ಹೊರಗಡೆಯಿಂದ ಕೀಳಬೇಕು. ನನ್ನೊಬ್ಬನ ಕೈಲಿ ಆಗಲ್ಲ."

ಅಲ್ಲಿಗೆ ಹೊಣೆ ನನ್ನ ತಲೆಗೆ ಬಂತು. ಆ ಸಂಜೆಯೇ ಮೇಡಂಗೆ ಫೋನ್ ಮಾಡಿದೆ. ಮುಚ್ಚಿಟ್ಟು ಮಾಡುವ ಕೆಲಸ ನನಗೆ ಒಗ್ಗುವುದಿಲ್ಲ. ಎಲ್ಲ ಕೇಳಿ ಅವರು, "ಆ ಬಾಗಿಲು ನೀನು ತೆರೆಸಿದರೆ ಈ ವರ್ಷ ನೀನು ಅಳೆದದ್ದೆಲ್ಲ ಕೆಲಸಕ್ಕೆ ಬಾರದು, ಮಾಲಿನಿ. ಅದು ಊರಿನ ಕಥೆಯಾಗಿ ಉಳಿಯಲ್ಲ, ನಿನ್ನ ಕಥೆ ಆಗ್ತದೆ. ವಿದ್ಯಾರ್ಥಿವೇತನ ಮುಂದುವರಿಯುತ್ತೆ ಅಂತ ನಾನು ಮಾತು ಕೊಡಲಾರೆ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹಾಸಿಗೆಯ ಮೇಲೆ ಕೂತು ಅಮ್ಮನಿಗೆ ಫೋನ್ ಹಚ್ಚಿದೆ. ವರ್ಷವೆಲ್ಲ ನೀರಿನಲ್ಲಿ ನಿಂತದ್ದು, ಬೆರಳು ಒಡೆದದ್ದು, ಇನ್ನು ಪದವಿಯಿಲ್ಲದೆ ಊರಿಗೆ ಬಂದರೆ ಕೇರಿಯವರ ಬಾಯಿ, ಎಲ್ಲ ಹೇಳಿದೆ. ಅಮ್ಮ ಒಣಮೀನು ಮಗುಚುತ್ತಿದ್ದಳೆಂದು ಕಾಣುತ್ತದೆ, ಕಾಗೆ ಓಡಿಸುವ ಸದ್ದು ಕೇಳುತ್ತಿತ್ತು. "ಅಳವಿ ಕಡೂಕೆ ಯಾರ್ ಹತ್ರ ಕೇಂಬುದ್ ಹೆಣೆ?" ಎಂದಳು. "ಹಾರಿ ಹಿಡ್ಕಂಡ್ ಹೋಪ್ದೇ." ಅಳಿವೆ ಕಡಿಯುವವಳು ಯಾರ ಅಪ್ಪಣೆಯನ್ನೂ ಕೇಳದೆ ಹಾರೆ ಹಿಡಿದು ಹೋಗಬೇಕು, ಅಷ್ಟೇ ಅವಳ ಮಾತು. ಮತ್ತೆ ಕಾಗೆ ಓಡಿಸಲು ಹೋದಳು. ನನಗೆ ಅಳು ಬಂತು, ಅತ್ತುಬಿಟ್ಟೆ. ಅತ್ತು ಮುಗಿಸಿ ಎಸ್ಮಕ್ಕನ ಹತ್ತಿರ ಹಾರೆ ಕೇಳಿದೆ.

"ಸಂಶೋಧನೆಗೆ ಹಾರೆ ಯಾಕೆ?" ಎಂದು ಅವಳು ಕೇಳಿದಳು. ಹೇಳಿದೆ. ದೋಣಿಯ ವಿಷಯ ಕೇಳಿ ಸೆರಗಿನಂತಿದ್ದ ತನ್ನ ಕುತ್ತಿಗೆವಸ್ತ್ರ ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕು ಸುಸ್ತಾದ ಮೇಲೆ ಕಣ್ಣೊರೆಸಿಕೊಂಡು, "ಪಾಪ, ಇಷ್ಟು ವರ್ಷ ಒಬ್ಬನೇ ಅದರ ಪಕ್ಕ ಮಲಗಿದ್ನಾ?" ಎಂದಳು. ಆಮೇಲೆ ಯಾಕೋ ಅವಳು ನಗಲಿಲ್ಲ.

ದೊಡ್ಡ ಉಬ್ಬರದ ದಿನ ಬೆಳಿಗ್ಗೆಯೇ ಹಿಂಬದಿಯಿಂದ ಚೌಕಟ್ಟಿಗೆ ಹಾರೆ ಹಾಕಿದೆವು. ಸದ್ದಿಗೆ ಜನ ಬಂದರು, ಅಜ್ಜ ಹೆದರಿದ್ದಂತೆಯೇ ನಕ್ಕರು. "ಏನು ತೋರ್ವಾ, ಬಾಗಿಲು ಹುಟ್ಟಿಸಿದವನಿಗೆ ದೋಣಿ ಹೆರೋಕೆ ಬರಲಿಲ್ವಾ?" ಎಂದು ಒಬ್ಬ ಕೂಗಿದ. ಅಜ್ಜನ ಕಿವಿ ಮತ್ತೆ ಕೆಂಪಾಯಿತು, ಕೈ ಮಾತ್ರ ನಿಲ್ಲಲಿಲ್ಲ. ಚೌಕಟ್ಟು ಕಳಚಿ ಬಂತು. ಅದರ ಆಚೀಚೆ ಕಲ್ಲಿನ ಕಂಬಗಳು. ಮಾಡಿನ ಭಾರವೆಲ್ಲ ಅವುಗಳ ಮೇಲೆ, ಅವನ್ನು ಮುಟ್ಟುವಂತಿಲ್ಲ. ಅಜ್ಜ ಗೇಣು ಹಾಕಿ ಅಳೆದ. ಮತ್ತೊಮ್ಮೆ ಅಳೆದ. "ಹಿಡೀತದೆ" ಎಂದ, ನನ್ನ ಮುಖ ನೋಡದೆ.

ಅಜ್ಜ ಒಳಗೆ ಹೋಗಿ ಮುಂಬಾಗಿಲು ತೆರೆದಿಟ್ಟ. ಎಸ್ಮಕ್ಕ ಅವನ ಜೊತೆಗೆ ಕಟ್ಟೆಯ ಮೇಲೆ ಕೂತಳು. ನಾನು ಬೂಟು ಹಾಕಿಕೊಂಡು ಹಿನ್ನೀರಿನಲ್ಲಿ, ಆ ಬಾಯಿಬಿಟ್ಟ ಗೋಡೆಯೆದುರು ನಿಂತೆ. ಒಂದು ಕೈಯಲ್ಲಿ ಉಪ್ಪಿನ ಮೀಟರು, ಇನ್ನೊಂದರಲ್ಲಿ ಹಾರೆ. ಮೀಟರನ್ನು ಯಾಕೆ ತಂದೆನೋ, ಅಭ್ಯಾಸ.

ಕಡಲು ಹೊತ್ತಿಗೆ ಸರಿಯಾಗಿ ಬಂತು. ಒಳಗೆ ನೀರು ಏರುವ ಸದ್ದು ಕೇಳಿತು, ಎಸ್ಮಕ್ಕ "ಬಾ, ಬಾ, ಬಹಳ ದಿನವಾಯ್ತು" ಎಂದು ಮಾತನಾಡಿಸುವುದು ಕೇಳಿತು. ದೋಣಿ ಅಲುಗಿತು. ಅದರ ನೀಲಿ ಮೂತಿ ಗೋಡೆಯಿಂದ ಹೊರಗೆ ಬಂತು, ಬಿಸಿಲು ಕಂಡಿತು, ಜನ ಹೋ ಎಂದರು. ಇನ್ನಷ್ಟು ಬಂತು, ಮತ್ತಷ್ಟು ಬಂತು. ಆಮೇಲೆ ಹೊಟ್ಟೆ ಕಂಬಗಳಿಗೆ ತಾಗಿ ಕಿರ್ ಎಂದು ನಿಂತಿತು. ಬಾಟಲಿಗೆ ಬಿರಡೆ ಹಾಕಿದ ಹಾಗೆ ನಿಂತಿತು. ಒಂದು ಹನಿ ನೀರು ಹೊರಗೆ ಬರಲಿಲ್ಲ.

ಹೊರಗೆ ಯಾರೂ ನಗಲಿಲ್ಲ. ಇಳಿತ ಶುರುವಾದರೆ ನೀರು ಬಂದ ದಾರಿಯಲ್ಲೇ ಮರಳಿಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಒಳಗಿನಿಂದ ಎಸ್ಮಕ್ಕ ಕೂಗಿದಳು, "ಮಾಲೀ, ಮರಿಗಳು! ಹಜಾರದ ತುಂಬ ಕಣ್ಣೇ ಕಣ್ಣು!" ನನ್ನ ಕೈಯಲ್ಲಿ ಹಾರೆಯಿತ್ತು. ದೋಣಿಯ ಮೂತಿ ನನ್ನ ಎದೆಯ ಎತ್ತರದಲ್ಲೇ ಇತ್ತು. ಎರಡು ಏಟು ಸಾಕಿತ್ತು. ಆದರೆ ಅದು ಅವನ ದೋಣಿ, ಅವನ ಆಚೆ ದಡ. ಪದವಿ ನನ್ನದು, ಅದನ್ನು ಕೊಡಲು ನನಗೆ ಹಕ್ಕಿತ್ತು. ಇದನ್ನು ಕೊಡಲು ನನಗೆ ಹಕ್ಕಿರಲಿಲ್ಲ.

"ಅಜ್ಜಾ!" ಎಂದು ಕೂಗಿದೆ. ಅಷ್ಟೇ ಕೂಗಿದೆ.

ನೀರು ಗೋಡೆಗೆ ತಟ್ಟುತ್ತಿತ್ತು. ಆಮೇಲೆ ಯಾರೋ ನೀರಿಗೆ ಇಳಿದ ಸದ್ದು. ಅತಿಥಿ ಮನೆಯಲ್ಲಿರುವಾಗ ಆ ಊರಿನಲ್ಲಿ ಯಾರೂ ನೀರಿಗೆ ಇಳಿಯುವುದಿಲ್ಲ. ಎಸ್ಮಕ್ಕ ಹೌಹಾರಿದ್ದು ಕೇಳಿತು. ಅದರ ಬೆನ್ನಿಗೇ ಕೊಡಲಿಯ ಮೊದಲ ಏಟು ಮರಕ್ಕೆ ಬಿತ್ತು.

ಏಟಿನ ಮೇಲೆ ಏಟು. ದೋಣಿಯ ಹಿಂಬದಿಯನ್ನು ಅವನು ಒಳಗಿನಿಂದ ಕಡಿಯುತ್ತಿದ್ದ. ಪ್ರತಿ ಏಟಿಗೂ ಮೂತಿ ನನ್ನೆದುರು ನಡುಗುತ್ತಿತ್ತು. "ಹಿಂದೆ ತೆರೀತು!" ಎಂದು ಅವನು ಕೂಗಿದ, ದನಿ ಒಡೆದಿತ್ತು. "ಮೂತಿ ನೀನು ಒಡಿ, ಹುಡುಗಿ! ನನಗೆ ನೋಡೋಕೆ ಆಗಲ್ಲ!"

ಮೀಟರನ್ನು ಬಿಸಾಡಿ ಎರಡೂ ಕೈಯಲ್ಲಿ ಹಾರೆ ಎತ್ತಿದೆ. ಅಳಿವೆ ಕಡಿಯುವಾಗ ಅಪ್ಪ ಮಾಡುತ್ತಿದ್ದಂತೆ ಕಾಲು ಅಗಲಿಸಿ ನಿಂತು, ಹಲಗೆಯ ಸಂದಿಗೆ ಹಾರೆ ನೆಟ್ಟು ಮೈಭಾರ ಬಿಟ್ಟೆ. ಒಂದು ಹಲಗೆ ಹಾರಿತು. ಇನ್ನೊಂದು ಹಾರಿತು. ಕಡಲು ದೋಣಿಯ ಹಿಂಬದಿಯಿಂದ ಹೊಕ್ಕು, ದೋಣಿಯೊಳಗಿನಿಂದಲೇ ಹಾದು, ಮೂತಿಯಿಂದ ನನ್ನ ಎದೆಯ ಮೇಲೆ ಬಿದ್ದು ನನ್ನನ್ನು ಕೆಡವಿಹಾಕಿತು. ಬೂಟಿನ ತುಂಬ ನೀರು, ಕಿವಿಯ ತುಂಬ ನೀರು. ಎದ್ದು ಕೂತಾಗ ಮೈಮೇಲೆ, ಕೂದಲಲ್ಲಿ, ಅಂಗೈಯಲ್ಲಿ ಎಲ್ಲೆಲ್ಲೂ ಕಪ್ಪು ಚುಕ್ಕೆಗಳು ಜೋಡಿ ಜೋಡಿಯಾಗಿ ಹಾದುಹೋಗುತ್ತಿದ್ದವು. ನಾನು ಎಣಿಸಲಿಲ್ಲ. ವರ್ಷವೆಲ್ಲ ಎಣಿಸಿದವಳು ಆ ದಿನ ಬಾಯಿ ತೆರೆದು ನಗುತ್ತಾ ನೀರಿನಲ್ಲಿ ಕೂತಿದ್ದೆ.

ನೀರು ಹೋದ ಮೇಲೆ ಒಳಗೆ ಹೋದೆ. ಅಜ್ಜ ಒದ್ದೆ ನೆಲದ ಮೇಲೆ, ಕೊಡಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ದೋಣಿ ಗೋಡೆಯಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಈ ತುದಿಯಿಂದ ನೋಡಿದರೆ ಆ ತುದಿಯಲ್ಲಿ ಹಿನ್ನೀರು ಕಾಣುತ್ತಿತ್ತು. ಅವನ ಪಕ್ಕ ಕೂತೆ. ಅವನ ಕೈ ಹಿಡಿದುಕೊಂಡೆ. ಅವನು ದೋಣಿಯೊಳಗಿಂದ ಕಾಣುವ ಬೆಳಕನ್ನೇ ನೋಡುತ್ತಾ, "ಅಲ್ಲಿ ಕಾಣೋದು ಆಚೆ ದಡ ಅಲ್ವಾ?" ಎಂದ. ಹೌದೆಂದೆ. "ಮನೆಯಿಂದಲೇ ಕಾಣ್ತದೆ ಈಗ" ಎಂದ. ಕೊಡಲಿ ಕೆಳಗಿಟ್ಟು, "ಸಾರು ಉಳಿದಿದೆಯಾ?" ಎಂದು ಕೇಳಿದ.

ಹೆಲ್ಕಾ ಮೇಡಂ ಹೇಳಿದಂತೆಯೇ ಮಾಡಿದರು. ನನ್ನ ವರ್ಷದ ಅಂಕಿಗಳೆಲ್ಲ ಬದಿಗೆ ಹೋದವು, ವಿದ್ಯಾರ್ಥಿವೇತನವೂ ನಿಂತಿತು. ಅವರ ಮೇಲೆ ನನಗೆ ಮುನಿಸಿಲ್ಲ. ಉಬ್ಬರದ ಆ ಸಂಜೆಯೇ ಫೋನಿನಲ್ಲಿ, "ಹೊಸದಾಗಿ ಶುರು ಮಾಡ್ತೀನಿ ಮೇಡಂ. ತೆರೆದ ಮನೆಯ ಹಿಂದಿನ ಹುಲ್ಲು, ಮುಚ್ಚಿದ ಮನೆಯ ಹಿಂದಿನ ಹುಲ್ಲು. ನನ್ನ ಕೈ ಎಲ್ಲೆಲ್ಲಿ ಬಿದ್ದಿದೆ ಅಂತ ಮೊದಲೇ ಬರೆದುಬಿಡ್ತೀನಿ" ಎಂದೆ. ಅವರು, "ಊಟಕ್ಕೇನು ಮಾಡ್ತೀ?" ಎಂದರು. ಮೀನು ವಿಂಗಡಿಸುವ ಕೊಟ್ಟಿಗೆಯಲ್ಲಿ ಬೆಳಗಿನ ಕೆಲಸ ಕೇಳಿದ್ದೇನೆ ಎಂದೆ. ಮೊಗವೀರರ ಹುಡುಗಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ಕೆಳಗಿನಿಂದ ಟಣ್ ಟಣ್ ಎಂಬ ಸದ್ದಿಗೆ ಎಚ್ಚರವಾಯಿತು. ಮೈಯೆಲ್ಲ ನೋವು, ಭುಜ ಎತ್ತಲಾಗುತ್ತಿರಲಿಲ್ಲ. ಚೌಕ, ಬಕೆಟ್ ಹಿಡಿದು ಇಳಿದು ಬಂದೆ. ಎಸ್ಮಕ್ಕ ತನ್ನ ಹೊಸಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಉಳಿ ಸುತ್ತಿಗೆ ಹಿಡಿದು ಸಿಮೆಂಟು ಒಡೆಯುತ್ತಿದ್ದಳು. ಮುಖದ ತುಂಬ ಬಿಳಿ ಧೂಳು. ಚಾಪೆಗಳೆಲ್ಲ ಆಗಲೇ ಸುತ್ತಿ ಕಟ್ಟೆಯ ಮೇಲೇರಿದ್ದವು. ಆ ದಿನ ಅವಳ ಸರದಿ. ನನ್ನನ್ನು ಕಂಡು ಸುತ್ತಿಗೆ ನಿಲ್ಲಿಸದೆ ಕೇಳಿದಳು:

"ಕೈ ಹಾಕ್ತೀಯಾ, ಬರೀ ನೋಡ್ತಾ ನಿಲ್ತೀಯಾ?"

ಬಕೆಟನ್ನು ಕೆಳಗಿಟ್ಟೆ.